ಚಾವಿ ವಾಚು, ಸೆಲ್ ವಾಚು ಮತ್ತು ಇವೆರಡನ್ನೂ ಕೂಡಿಸಿದ ಮೂರನೆಯ ವಾಚು

ನಮ್ಮ ಬಳಿಚಕ್ರದ ಸರ್ಕಾರಿ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಹೊತ್ತನ್ನು ಅಳೆಯುವ ಯಂತ್ರದ ಬಗ್ಗೆಯೇ ಬರೆಯಬೇಕೆನಿಸಿತು. ಸುಮಾರು ಈ ಐವತ್ತು ವರ್ಷಗಳ ಅವಧಿಯಲ್ಲೇ ಕೈಗಡಿಯಾರದ ಒಳಗು ಎರಡು ಸಲ ಬದಲಾಗಿದೆ. ಮೊದಲ ತಂಡಗಳ ವಿದ್ಯಾರ್ಥಿಗಳು ಕಂಡದ್ದು ಗುರುಗಳು ದಿನಾ ಬೆಳಿಗ್ಗೆ ಚಾವಿ ಕೊಡುತ್ತಿದ್ದ ವಾಚು. ನಂತರದವರು ಕಂಡದ್ದು ಸೆಲ್ ವಾಚು. ಈಗಿನ ಮಕ್ಕಳು ಮೊಬೈಲಿನಲ್ಲೇ ಗಂಟೆ ನೋಡುತ್ತಾರೆ. ಆದರೆ ಚಾವಿಯನ್ನೂ ಸೆಲ್ ವಾಚಿನ ಹರಳನ್ನೂ ಕೂಡಿಸಿದ ಮೂರನೆಯ ಬಗೆಯ ವಾಚೊಂದು ಇದೆ. ಅದರ ಹುಟ್ಟಿನ ಕಥೆ ನಮ್ಮ ರಾಜ್ಯದ ಕಥೆಯ ಪಕ್ಕದಲ್ಲಿಟ್ಟು ಓದುವಂತಿದೆ.

ಮೊದಲು ನಮ್ಮದು. 1953ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರ ಹಿಂದೂಸ್ಥಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿಯನ್ನು ಸ್ಥಾಪಿಸಿತು. ಅಲ್ಲಿ ತಯಾರಾಗುತ್ತಿದ್ದದ್ದು ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರದ ಕೆಲಸ ಶುರುವಾಯಿತು. ಮೊದಲ ವಾಚುಗಳನ್ನು ಪ್ರಧಾನಿ ನೆಹರೂ ಅವರೇ ಬಿಡುಗಡೆ ಮಾಡಿದರು. ಜನತಾ, ಪೈಲಟ್, ಕೋಹಿನೂರ್, ಸೋನಾ, ಕಾಂಚನ್ ಈ ಹೆಸರುಗಳನ್ನು ನಮ್ಮ ಭಾಗದ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ಮಾತುಕತೆಯಲ್ಲಿ ಉಂಗುರ, ಸೈಕಲ್ಲು, ರೇಡಿಯೋ ಜೊತೆಗೆ ಅಳಿಯನಿಗೆ ವಾಚು ಎಂದರೆ ಅದು ಎಚ್‌ಎಂಟಿಯೇ. ಕಣ್ಣು ಕಾಣದವರು ಮುಳ್ಳು ಮುಟ್ಟಿ ಗಂಟೆ ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತ್ತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು.

ಆ ಚಾವಿ ವಾಚಿನ ಒಳಗೆ ಏನಿತ್ತು? ಒಂದು ಪುಟ್ಟ ಡಬ್ಬಿಯಲ್ಲಿ ಸುತ್ತಿಟ್ಟ ಉಕ್ಕಿನ ಪಟ್ಟಿ. ಅದೇ ಸ್ಪ್ರಿಂಗು. ಚಾವಿ ಕೊಟ್ಟರೆ ಬಿಗಿಯುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಒಮ್ಮೆಲೇ ಬಿಚ್ಚಿಕೊಂಡರೆ ಮುಳ್ಳುಗಳು ಗಿರ್ರನೆ ತಿರುಗಿ ನಿಂತುಹೋದಾವು. ಹಾಗಾಗದಂತೆ ಹಲ್ಲುಗಾಲಿಗಳ ಕೊನೆಯಲ್ಲಿ ಒಂದು ಚಕ್ರ ಆ ಕಡೆ ಈ ಕಡೆ ತೂಗಾಡುತ್ತ ಒಂದೊಂದೇ ಹಲ್ಲನ್ನು ಬಿಡುತ್ತದೆ. ನಾವು ಕೇಳುವ ಟಿಕ್ ಟಿಕ್ ಅದರದೇ. ಆ ಕಾಲದ ಸಾಮಾನ್ಯ ವಾಚಿನಲ್ಲಿ ಇದು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ. ಚಳಿ, ಬಿಸಿಲು, ಧೂಳು, ಎಣ್ಣೆ ಒಣಗುವುದು ಎಲ್ಲವೂ ಈ ತೂಗಾಟದ ಮೇಲೆ ಪರಿಣಾಮ ಮಾಡುತ್ತವೆ. ಆದ್ದರಿಂದಲೇ ರೇಡಿಯೋ ವಾರ್ತೆಯ ಹೊತ್ತಿಗೆ ಎಲ್ಲರೂ ವಾಚಿನ ಕಿವಿ ಎಳೆದು ಟೈಮು ಕೂಡಿಸಿಕೊಳ್ಳುತ್ತಿದ್ದರು.

ಸೆಲ್ ವಾಚಿನಲ್ಲಿ ತೂಗುವ ಚಕ್ರದ ಬದಲು ಇರುವುದು ಕ್ವಾರ್ಟ್ಸ್ ಹರಳು. ಕ್ವಾರ್ಟ್ಸ್ ನಮಗೆ ಅಪರಿಚಿತ ವಸ್ತುವೇನಲ್ಲ, ಬೆಣಚುಕಲ್ಲೇ ಅದು. ಚಿಕ್ಕವರಿದ್ದಾಗ ಹೊಲದಿಂದ ಎರಡು ಬೆಣಚುಕಲ್ಲು ಆರಿಸಿ ತಂದು ಕತ್ತಲಲ್ಲಿ ಉಜ್ಜಿ ಬೆಳಕು ನೋಡದವರು ಕಡಿಮೆ. ಈ ಹರಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ತೋರಿಸಿಕೊಟ್ಟರು. ಅದೇ ರೀತಿ ವಿದ್ಯುತ್ತು ಹರಿಸಿದರೆ ಹರಳು ಕಂಪಿಸುತ್ತದೆ. ವಾಚಿಗಾಗಿ ಕತ್ತರಿಸಿದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ. ಮಕ್ಕಳು ಲೆಕ್ಕ ಮಾಡಿ ನೋಡಬಹುದು. ವಾಚಿನ ಚಿಪ್ಪು ಮಾಡುವುದೂ ಇದನ್ನೇ: ಪ್ರತಿ ಸೆಕೆಂಡಿಗೆ ಒಂದು ಸಲ ಪುಟ್ಟ ಮೋಟಾರನ್ನು ತಳ್ಳುತ್ತದೆ, ಮುಳ್ಳು ಒಂದು ಹೆಜ್ಜೆ ಜಿಗಿಯುತ್ತದೆ. ಇಡೀ ತಿಂಗಳಿಗೆ 15 ಸೆಕೆಂಡಿನಷ್ಟೇ ಹೆಚ್ಚುಕಡಿಮೆ.

ಇಂಥ ಮೊದಲ ಕೈಗಡಿಯಾರವನ್ನು ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಇಟ್ಟಿತು. ಬೆಲೆ 4,50,000 ಯೆನ್, ಅಂದಿನ ಲೆಕ್ಕದಲ್ಲಿ ಒಂದು ಸಣ್ಣ ಕಾರಿನ ಬೆಲೆ. ಹತ್ತೇ ವರ್ಷದಲ್ಲಿ ಬೆಲೆ ಪಾತಾಳಕ್ಕಿಳಿಯಿತು. ಸ್ವಿಟ್ಜರ್ಲೆಂಡಿನ ವಾಚು ಉದ್ಯಮದಲ್ಲಿ 1970ರ ಸುಮಾರಿಗೆ 90,000 ಜನರಿದ್ದರು. 1980ರ ದಶಕದ ನಡುವೆ ಉಳಿದವರು 30,000ದ ಆಸುಪಾಸು. ಎಷ್ಟು ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದ ಕಸುಬು ಅಲ್ಲಿಗೇ ನಿಂತಿತೋ!

ಆ ಅಲೆ ನಮ್ಮಲ್ಲಿಗೂ ಬಂತು. 1984ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಟೈಟಾನ್ ಸ್ಥಾಪಿಸಿದವು. ಬೆಂಗಳೂರಿಗೆ ಅಂಟಿಕೊಂಡಂತಿರುವ ಹೊಸೂರಿನಲ್ಲಿ ಕಾರ್ಖಾನೆ. ಅದನ್ನು ಕಟ್ಟಿ ಬೆಳೆಸಿದ ಕ್ಸರ್ಕ್ಸಿಸ್ ದೇಸಾಯಿಯವರು ಕ್ವಾರ್ಟ್ಸನ್ನೇ ನಂಬಿ ಹೊರಟರು. ಎಚ್‌ಎಂಟಿಯೂ ಸೆಲ್ ವಾಚು ಮಾಡಿತು, ಆದರೆ ಅದರ ಬಲವೆಲ್ಲ ಇದ್ದದ್ದು ಚಾವಿ ವಾಚಿನಲ್ಲಿ.

ಈಗ ಮೂರನೆಯ ವಾಚಿನ ಕಥೆ. ಜಪಾನಿನ ನಾಗಾನೋ ಸೀಮೆಯ ಸುವಾ ಎಂಬ ಊರಿನಲ್ಲಿ, ಸೀಕೋಗೆ ವಾಚು ಮಾಡಿಕೊಡುವ ಕಾರ್ಖಾನೆಯಲ್ಲಿ, ಯೋಶಿಕಾಜು ಅಕಾಹಾನೆ ಎಂಬ ಎಂಜಿನಿಯರ್ ಇದ್ದರು. ಮೊದಲ ಕ್ವಾರ್ಟ್ಸ್ ಕೈಗಡಿಯಾರ ತಯಾರಾದದ್ದೂ ಅದೇ ಕಾರ್ಖಾನೆಯಲ್ಲಿ. 1977ರಲ್ಲಿ ಅಕಾಹಾನೆ ಒಂದು ವಿಚಾರ ಮುಂದಿಟ್ಟರು: ಶಕ್ತಿ ಸ್ಪ್ರಿಂಗಿನದಾಗಲಿ, ಶಿಸ್ತು ಹರಳಿನದಾಗಲಿ, ಸೆಲ್ ಮಾತ್ರ ಬೇಡ.

ಸೆಲ್ ಇಲ್ಲದೆ ಹರಳು ಕಂಪಿಸುವುದು ಹೇಗೆ? ಇಲ್ಲಿ ನಮ್ಮ ಹಳೆಯ ಸೈಕಲ್ಲನ್ನು ನೆನೆಯಬೇಕು. ರಾತ್ರಿ ಡೈನಮೋ ಗಾಲಿಗೆ ತಾಗಿಸಿದರೆ ದೀಪ ಹತ್ತುತ್ತಿತ್ತು, ಜೊತೆಗೆ ಪೆಡಲು ಭಾರವಾಗುತ್ತಿತ್ತು. ಒಂದೇ ಡೈನಮೋ ವಿದ್ಯುತ್ತನ್ನೂ ಕೊಡುತ್ತದೆ, ಗಾಲಿಯನ್ನೂ ಹಿಡಿದು ಜಗ್ಗುತ್ತದೆ. ಅಕಾಹಾನೆಯವರ ವಾಚಿನಲ್ಲಿ ತೂಗಾಡುವ ಚಕ್ರದ ಜಾಗದಲ್ಲಿ ಒಂದೇ ದಿಕ್ಕಿಗೆ, ಸೆಕೆಂಡಿಗೆ 8 ಸುತ್ತು ತಿರುಗುವ ಗಾಲಿಯಿದೆ. ಸ್ಪ್ರಿಂಗು ಅದನ್ನು ತಿರುಗಿಸುತ್ತದೆ. ಅದರ ಅಯಸ್ಕಾಂತ ಪಕ್ಕದ ತಂತಿಯ ಸುರುಳಿಯಲ್ಲಿ ಅಷ್ಟಿಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದ ಹರಳೂ ಚಿಪ್ಪೂ ಎಚ್ಚರಾಗುತ್ತವೆ. ಗಾಲಿ ಹರಳಿನ ಲೆಕ್ಕಕ್ಕಿಂತ ಮುಂದೆ ಓಡಿತೆಂದರೆ ಚಿಪ್ಪು ಅದೇ ಸುರುಳಿಯಿಂದ ಬ್ರೇಕು ಹಾಕುತ್ತದೆ. ಎಲ್ಲೂ ಲೋಹಕ್ಕೆ ಲೋಹ ತಾಗಿಸಿ ತಡೆಯುವುದಿಲ್ಲ. ಆದ್ದರಿಂದ ಟಿಕ್ ಟಿಕ್ ಸದ್ದೇ ಇಲ್ಲ. ಸೆಕೆಂಡು ಮುಳ್ಳು ಜಿಗಿಯುವುದೂ ಇಲ್ಲ, ಕಾಲುವೆ ನೀರಿನ ಮೇಲಿನ ಎಲೆಯಂತೆ ಸಾಗುತ್ತದೆ.

ಹೇಳುವುದು ಸುಲಭ. 1982ರ ಮೊದಲ ಮಾದರಿ ನಿಲ್ಲಲಿಲ್ಲ. ಸ್ಪ್ರಿಂಗಿನಿಂದ ಹುಟ್ಟುವ ವಿದ್ಯುತ್ತು ಅಂದಿನ ಚಿಪ್ಪಿನ ಹೊಟ್ಟೆಗೆ ಸಾಲುತ್ತಿರಲಿಲ್ಲ. ಚಿಪ್ಪಿನ ಹಸಿವು ಇಳಿಸುತ್ತ, ಹಲ್ಲುಗಾಲಿಗಳ ತಿಕ್ಕಾಟ ತಗ್ಗಿಸುತ್ತ ಹೋಗಬೇಕಾಯಿತು. ಕೊನೆಗೆ ಅದು ಬಂದು ನಿಂತದ್ದು ಸುಮಾರು 25 ನ್ಯಾನೋವ್ಯಾಟಿಗೆ. ಒಂದು ವ್ಯಾಟನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ 25 ಪಾಲು! ಮನೆಯ 5 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಬೇಕಾಗುವ ಕರೆಂಟಿನಲ್ಲಿ ಇಂಥ 20 ಕೋಟಿ ವಾಚುಗಳ ಚಿಪ್ಪು ನಡೆದೀತು. ಅಲ್ಲಿಯವರೆಗೆ ಮಾಡಿ ನೋಡಿದ ಮಾದರಿಗಳು 600ಕ್ಕೂ ಹೆಚ್ಚು ಎನ್ನುತ್ತಾರೆ. ಈ ನಡುವೆ 1988ರಲ್ಲಿ ಸೀಕೋ ಕೈ ಅಲುಗಾಟದಿಂದಲೇ ವಿದ್ಯುತ್ತು ತುಂಬಿಕೊಳ್ಳುವ ಇನ್ನೊಂದು ವಾಚನ್ನೂ ತಂದಿತು. ಆದರೆ ಅದರ ಮುಳ್ಳು ತಿರುಗಿಸುವುದು ಮೋಟಾರೇ, ಸ್ಪ್ರಿಂಗಲ್ಲ. ಎರಡನ್ನೂ ಒಂದೇ ಎಂದು ತಿಳಿಯಬಾರದು.

1998ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೇಳದಲ್ಲಿ ಈ ವಾಚನ್ನು ಜಗತ್ತಿಗೆ ತೋರಿಸಿದರು. ಹೆಸರು ಸ್ಪ್ರಿಂಗ್ ಡ್ರೈವ್. 1999ರಲ್ಲಿ ಅಂಗಡಿಗೆ ಬಂತು. ಅಕಾಹಾನೆ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. 2004ರಲ್ಲಿ ಚಾವಿಯೇ ಬೇಡದ, ಕೈ ಅಲುಗಿದಂತೆ ಸ್ಪ್ರಿಂಗು ತಾನೇ ಸುತ್ತಿಕೊಳ್ಳುವ ಮಾದರಿ ಬಂತು. ಬಿಚ್ಚಿಟ್ಟರೂ 72 ತಾಸು ನಡೆಯುತ್ತದೆ. ಬೆಲೆ ಮಾತ್ರ ಲಕ್ಷಗಳಲ್ಲಿ, ನಮ್ಮ ಪೇಟೆಯ ಅಂಗಡಿಯಲ್ಲಿ ಕಾಣಸಿಗುವಂಥದ್ದಲ್ಲ.

ನನಗೆ ಕಾಡುವುದು ಆ 22 ವರ್ಷ. ಒಂದು ರೂಪಾಯಿ ಮಾರಾಟವಿಲ್ಲದ ಒಂದು ಯೋಚನೆಯನ್ನು ಅಷ್ಟು ಕಾಲ ಸಾಕಿದರು. ಸ್ಪ್ರಿಂಗಿನ ಕಸುಬು ಬಲ್ಲವರನ್ನೂ ಚಿಪ್ಪಿನ ಕಸುಬು ಬಲ್ಲವರನ್ನೂ ಒಂದೇ ಸೂರಿನಡಿ ಕೂಡಿಸಿಟ್ಟಿದ್ದರಿಂದಲೇ ಅದು ಕೈಗೂಡಿತು. ನಮ್ಮಲ್ಲಿ ಬುದ್ಧಿಗೇನೂ ಕೊರತೆಯಿರಲಿಲ್ಲ. ಬರೀ 1.15 ಮಿಲಿಮೀಟರು ದಪ್ಪದ ಯಂತ್ರವಿಟ್ಟು, ಒಟ್ಟು 3.5 ಮಿಲಿಮೀಟರಿನ ಎಡ್ಜ್ ವಾಚನ್ನು 2002ರಲ್ಲಿ ತಂದದ್ದು ನಮ್ಮ ಟೈಟಾನ್ ಎಂಜಿನಿಯರುಗಳೇ. ಬೆಂಗಳೂರು ತುಮಕೂರುಗಳಲ್ಲಿ ಕಣ್ಣಿಗೆ ಭೂತಗನ್ನಡಿ ಹಚ್ಚಿ ಕೂದಲೆಳೆಯಷ್ಟು ಸಣ್ಣ ಭಾಗ ಜೋಡಿಸುತ್ತಿದ್ದ ಗಂಡಸರು ಹೆಂಗಸರೂ ಕಡಿಮೆಯವರಲ್ಲ. ಅವರ ಆ ಕೈಚಳಕಕ್ಕೆ ಹೊಸ ಕೆಲಸ ಹುಡುಕಿಕೊಡುವ ವ್ಯವಧಾನ ಮಾತ್ರ ಯಾರಿಗೂ ಸಿಗಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ನಿರ್ಧಾರಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋ ಪಾಲಾಯಿತು.

ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯ ಟ್ರಂಕಿನಲ್ಲಿ ತಂದೆಯವರ ಜನತಾ ವಾಚು ಇದ್ದೀತು. ತಕ್ಷಣ ಚಾವಿ ಕೊಡಲು ಹೋಗಬೇಡಿ. ಎಣ್ಣೆ ಒಣಗಿರುತ್ತದೆ, ಒತ್ತಾಯ ಮಾಡಿದರೆ ಒಳಗಿನ ಭಾಗ ಸವೆಯುತ್ತದೆ. ಹಳೆಯ ರಿಪೇರಿಯವರಿಂದ ಒಮ್ಮೆ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿದರೆ ಹೆಚ್ಚಿನವು ನಡೆಯುತ್ತವೆ. ನಡೆಯದಷ್ಟು ಕೆಟ್ಟಿದ್ದರೆ ಒಂದನ್ನು ನಮ್ಮ ಶಾಲೆಯ ವಿಜ್ಞಾನ ಕೋಣೆಗೆ ಕೊಡಿ, ಜೊತೆಗೆ ಸೆಲ್ ಮುಗಿದ ಒಂದು ವಾಚನ್ನೂ ಒಂದು ಸೈಕಲ್ ಡೈನಮೋವನ್ನೂ. ಒಂಬತ್ತನೆಯ ತರಗತಿಯ ಮಕ್ಕಳು ಮೂರನ್ನೂ ಬಿಚ್ಚಿ ಮೇಜಿನ ಮೇಲೆ ಹರವಿ ನೋಡಲಿ.