ಸಾಸಿವೆ ಡಬ್ಬಿಯ ದುಡ್ಡು ತೆಗೆದವರು ಯಾರು?

ನಮ್ಮಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರು. ಅದು ಗುಟ್ಟು ಅಂತ ಅವರ ನಂಬಿಕೆ. ಆದರೆ ಮನೆಯ ಹದಿನಾಲ್ಕು ಜನಕ್ಕೂ ಅದು ಗೊತ್ತಿತ್ತು. ಬೇಕಾದವರು ತೆಗೆಯುತ್ತಿದ್ದರು, ನೆನಪಾದವರು ವಾಪಸ್ ಇಡುತ್ತಿದ್ದರು. ಒಂದು ದಿನ ಲೆಕ್ಕ ತಪ್ಪಿದಾಗ ಬೈಸಿಕೊಂಡವಳು ಮಾತ್ರ ಪಾತ್ರೆ ತೊಳೆಯಲು ಬರುತ್ತಿದ್ದ ಹುಡುಗಿ. ಅವಳೇ ಯಾಕೆ ಅಂದರೆ, ಅಡುಗೆಮನೆಗೆ ಕೊನೆಗೆ ಹೋದವಳು ಅವಳು.

ಪ್ರೋಗ್ರಾಮಿಂಗ್ ಕಲಿತ ಮೇಲೆ ಆ ಡಬ್ಬಿಗೊಂದು ಹೆಸರಿದೆ ಅಂತ ಗೊತ್ತಾಯಿತು: ಗ್ಲೋಬಲ್ ವೇರಿಯೇಬಲ್. ಪ್ರೋಗ್ರಾಮಿನ ಯಾವ ಮೂಲೆಯಿಂದ ಬೇಕಾದರೂ ಓದಬಹುದಾದ, ಯಾರು ಬೇಕಾದರೂ ಬದಲಾಯಿಸಬಹುದಾದ ಒಂದು ಬೆಲೆ. ಅನುಕೂಲ ಬಹಳ. ಲೆಕ್ಕ ತಪ್ಪುವವರೆಗೆ.

2008ರಲ್ಲಿ ನಾನು ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಟೀಮ್ ಲೀಡ್ ಆಗಿದ್ದೆ. ಹೊರದೇಶದ ವಿಮಾ ಕಂಪನಿಯೊಂದಕ್ಕೆ ರಾತ್ರಿ ಹೊತ್ತು ಕಂತುಗಳ ಲೆಕ್ಕ ಹಾಕುವ ತಂತ್ರಾಂಶ ನಮ್ಮದು. ಒಂದು ರಾತ್ರಿ ಸಾವಿರಾರು ಪಾಲಿಸಿಗಳ ಮೊತ್ತ ತಪ್ಪಾಗಿ ಹೋಯಿತು. ಬೆಳಿಗ್ಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, 'ಯಾರು ಮಾಡಿದ್ದು?' ಆ ಫೈಲನ್ನು ಕೊನೆಗೆ ಮುಟ್ಟಿದವನು ಬದಿಯಡ್ಕ ಕಡೆಯ ಹುಡುಗ. ಇಡೀ ಮಹಡಿಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಕಾಸರಗೋಡಿನವರ ಆ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದ: "ಸರ್, ನಾನು ಆ ಸಾಲನ್ನು ಮುಟ್ಟಲೇ ಇಲ್ಲ." ವರದಿಯಲ್ಲಿ 'ವೈಯಕ್ತಿಕ ಅಜಾಗರೂಕತೆ' ಅಂತ ಬರೆದು ಸಹಿ ಹಾಕಿದವನು ನಾನು.

ಈಗ ಕೊಚ್ಚಿಯ ಕಾಕ್ಕನಾಡಿನಲ್ಲಿದ್ದೇನೆ. 2021ರಲ್ಲಿ ಇಲ್ಲಿ 'ಕೊಚ್ಚಿ ಓಪನ್ ಮೊಬಿಲಿಟಿ ನೆಟ್‌ವರ್ಕ್' ಶುರುವಾದಾಗ ಅದರ ಜೊತೆಗೆ 'ಯಾತ್ರಿ' ಎಂಬ ಆಪ್ ಬಂತು. ಮಾಡಿದವರು ಬೆಂಗಳೂರಿನ ಜಸ್‌ಪೇ. 2022ರ ನವೆಂಬರಿನಲ್ಲಿ ಆಟೋ ಚಾಲಕರ ಸಂಘದ ಜೊತೆಗೂಡಿ ಬೆಂಗಳೂರಿಗೆ ಬಂದ 'ನಮ್ಮ ಯಾತ್ರಿ' ಇದರ ತಮ್ಮ. ಅದರ ಕೋಡ್ ಯಾರು ಬೇಕಾದರೂ ಓದಲಿ ಅಂತ ತೆರೆದಿಟ್ಟಿದ್ದಾರೆ. ಒಂದು ಭಾನುವಾರ ಕೂತು ಓದಿದೆ. ಹಿಂದುಗಡೆಯ ಕೆಲಸವೆಲ್ಲ ಹ್ಯಾಸ್ಕೆಲ್ ಭಾಷೆಯಲ್ಲಿ! ಎಂಟೆಕ್‌ನಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಭಾಷೆ, ಆಟೋ ಮೀಟರಿನ ಪಕ್ಕ ಕೂತಿತ್ತು. ಅಲ್ಲಿಂದ ಅದರ ಇತಿಹಾಸದ ಹಿಂದೆ ಬಿದ್ದೆ.

ಹ್ಯಾಸ್ಕೆಲ್ ಹುಟ್ಟಿದ್ದು ಸಮಿತಿಯಲ್ಲಿ. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸೇರಿದ ಸಂಶೋಧಕರ ಮುಂದಿದ್ದ ತಾಪತ್ರಯ ಸರಳವಾದದ್ದು. ಒಂದೇ ಬಗೆಯ ಹನ್ನೆರಡಕ್ಕೂ ಹೆಚ್ಚು ಭಾಷೆಗಳು, ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು. ಎಲ್ಲರೂ ಬಳಸಬಹುದಾದ ಒಂದು ಭಾಷೆ ಮಾಡೋಣ ಅಂದರು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿಡುವುದೆಂದಾಯಿತು. 'ಕರಿ' ಅಂತ ಇಟ್ಟರೆ ಸಾರಿನ ಜೋಕುಗಳು ಹುಟ್ಟುತ್ತವೆಂದು ಮೊದಲ ಹೆಸರನ್ನೇ ಆರಿಸಿಕೊಂಡರು. ಮೀನ್ ಕರಿ ಇಲ್ಲದೆ ಊಟವೇ ಮುಗಿಯದ ಊರಿನಲ್ಲಿ ಕೂತು ಇದನ್ನು ಓದುವಾಗ ನಗು ಬರದೆ ಇರಲಿಲ್ಲ. ಮೊದಲ ಆವೃತ್ತಿ ಹೊರಬಂದದ್ದು 1990ರ ಏಪ್ರಿಲ್ 1ರಂದು. ಟೆಕ್ನೋಪಾರ್ಕ್ ಸ್ಥಾಪನೆಯಾದದ್ದೂ ಅದೇ ವರ್ಷ.

ಈ ಸಮಿತಿಯವರ ಪಟ್ಟಿಯಲ್ಲಿ ನಮ್ಮವರೂ ಇದ್ದಾರೆ: ಎಂಐಟಿಯ ಅರವಿಂದ್ ಮತ್ತು ರಿಷಿಯೂರು ನಿಖಿಲ್. ಇಬ್ಬರೂ ಐಐಟಿ ಕಾನ್ಪುರದಲ್ಲಿ ಓದಿದವರು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಹ್ಯಾಸ್ಕೆಲ್‌ನ ಮೊದಲ ಹಟ ಸೋಮಾರಿತನ. ಬೇಕಾಗುವವರೆಗೂ ಯಾವ ಲೆಕ್ಕವನ್ನೂ ಹಾಕುವುದಿಲ್ಲ. ಯಾವ ಲೆಕ್ಕ ಯಾವಾಗ ನಡೆಯುತ್ತದೆಂದು ಹೇಳುವುದೇ ಕಷ್ಟವಾದ ಮೇಲೆ, ನಡುವೆ ಕೈಹಾಕಿ ಡಬ್ಬಿಯಲ್ಲಿರುವುದನ್ನು ಬದಲಾಯಿಸಲು ಬಿಟ್ಟರೆ ಗತಿಯೇನು? ಹಾಗಾಗಿ ಎರಡನೇ ಹಟವೂ ಬಂತು: ಮಡಿ. ಫಂಕ್ಷನ್ ಎಂಬುದು ಕೊಟ್ಟದ್ದನ್ನು ತೆಗೆದುಕೊಂಡು ಉತ್ತರ ಕೊಡಬೇಕು, ಹೊರಗಿನ ಯಾವುದನ್ನೂ ಮುಟ್ಟಬಾರದು. ಮನುಷ್ಯರ ಮೇಲೆ ಹೇರಿದ ಮಡಿ ಎಷ್ಟು ಅನ್ಯಾಯ ಮಾಡಿದೆಯೆಂದು ನಮಗೆ ಗೊತ್ತು. ಕೋಡಿನ ಮೇಲೆ ಹೇರಿದ ಮಡಿಯಿಂದ ಒಂದು ಲಾಭವಿದೆ. ಉತ್ತರ ತಪ್ಪಾದರೆ ಆ ಫಂಕ್ಷನ್ನಿನ ಒಳಗೆ ಮತ್ತು ಅದಕ್ಕೆ ಕೊಟ್ಟದ್ದರಲ್ಲಿ ಹುಡುಕಿದರೆ ಸಾಕು, ಊರೆಲ್ಲ ತಿರುಗಬೇಕಿಲ್ಲ.

ಆದರೆ ಏನನ್ನೂ ಮುಟ್ಟದ ಪ್ರೋಗ್ರಾಮು ಪರದೆಯ ಮೇಲೆ ಒಂದಕ್ಷರವನ್ನಾದರೂ ಬರೆಯುವುದು ಹೇಗೆ? ಮೊದಲ ಹ್ಯಾಸ್ಕೆಲ್‌ನಲ್ಲಿ ಇದಕ್ಕೆ ಮಾಡಿಕೊಂಡ ಏರ್ಪಾಡು ಕಷ್ಟದ್ದು. ಪ್ರೋಗ್ರಾಮು ಬೇಡಿಕೆಗಳ ಪಟ್ಟಿ ಕೊಡಬೇಕು, ಉತ್ತರಗಳ ಪಟ್ಟಿ ವಾಪಸ್ ಬರುತ್ತದೆ. ದಾರಿ ತೆರೆದದ್ದು ಇಟಲಿಯ ಯುಜೇನಿಯೊ ಮೊಗ್ಗಿ 1989ರಲ್ಲಿ ಗಣಿತದಿಂದ ತಂದ 'ಮೊನಾಡ್' ಎಂಬ ಕಲ್ಪನೆ. ಅದನ್ನು ಫಿಲಿಪ್ ವಾಡ್ಲರ್ ಪ್ರೋಗ್ರಾಮಿಂಗಿಗೆ ಒಗ್ಗಿಸಿದರು. 1993ರಲ್ಲಿ ಅವರೂ ಸೈಮನ್ ಪೇಟನ್ ಜೋನ್ಸ್ ಅವರೂ ಸೇರಿ ಹೊರಜಗತ್ತನ್ನು ಮುಟ್ಟುವ ಕೆಲಸಕ್ಕೆ ಅದನ್ನು ಅಳವಡಿಸಿದರು. 1996ರ ಆವೃತ್ತಿಯಲ್ಲಿ ಅದು ಭಾಷೆಯ ಭಾಗವಾಯಿತು.

ಸಾರಾಂಶ ಇಷ್ಟು. ಟೈಪ್ ಅಂದರೆ ಡಬ್ಬಿಯ ಮೇಲಿನ ಚೀಟಿ. 'ಇದು ಸಂಖ್ಯೆ', 'ಇದು ಪದ' ಅಂತ ಹೇಳುವ ಆ ಚೀಟಿಯಲ್ಲೇ ಇನ್ನು ಮುಂದೆ 'ಇದು ಹೊರಜಗತ್ತನ್ನು ಮುಟ್ಟುತ್ತದೆ' ಅಂತಲೂ ಬರೆದಿರಬೇಕು. ಅದಕ್ಕೆ 'ಐಓ' ಎಂಬ ಗುರುತು. ಅಂಥದ್ದನ್ನು ಕರೆದು ಕೆಲಸ ಮಾಡಿಸುವವರ ಚೀಟಿಗೂ ಅದೇ ಗುರುತು ಬೀಳುತ್ತದೆ. ಮುಟ್ಟಿದವರು ಮುಟ್ಟಿಲ್ಲ ಎನ್ನುವಂತಿಲ್ಲ. ಅದಕ್ಕಿಂತ ಮುಖ್ಯ, ಮುಟ್ಟದವರ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ಇಷ್ಟಾದರೂ ಹಿತ್ತಿಲ ಬಾಗಿಲೊಂದು ಉಳಿದಿತ್ತು. ಅದರ ಹೆಸರಿನಲ್ಲೇ ಎಚ್ಚರಿಕೆಯಿದೆ: 'ಅನ್‌ಸೇಫ್ ಪರ್ಫಾರ್ಮ್ ಐಓ'. ಹೊರಜಗತ್ತನ್ನು ಮುಟ್ಟಿಯೂ ಮಡಿಯ ಚೀಟಿ ಅಂಟಿಸಿಕೊಳ್ಳುವ ಉಪಾಯ. ಇದನ್ನು ಬಳಸಿ ಜನ ಗ್ಲೋಬಲ್ ಡಬ್ಬಿಗಳನ್ನು ಮಾಡಿಕೊಂಡರು. ಕಂಪೈಲರ್ ಜಾಣತನ ತೋರಿಸಿ ಆ ಸಾಲನ್ನು ಎರಡು ಕಡೆ ನಕಲು ಮಾಡಿದರೆ ಒಂದು ಡಬ್ಬಿ ಎರಡಾಗುತ್ತದೆ. ಹಾಗಾಗದಿರಲಿ ಅಂತ 'ಇದನ್ನು ಬಿಡಿಸಬೇಡ' ಎಂಬ ಸೂಚನೆಯನ್ನೂ ಪಕ್ಕದಲ್ಲೇ ಬರೆದಿಡಬೇಕಿತ್ತು.

ಇನ್ನೂ ದೊಡ್ಡ ಅಪಾಯ ಟೈಪಿನದು. ಚೀಟಿಯಿಲ್ಲದ, ಏನು ಬೇಕಾದರೂ ಹಿಡಿಸುವ ಡಬ್ಬಿಯೊಂದನ್ನು ಹೀಗೆ ಮಾಡಬಹುದು. ಒಬ್ಬರು ಅದರಲ್ಲಿ ಉಪ್ಪು ಹಾಕುತ್ತಾರೆ, ಇನ್ನೊಬ್ಬರು ಸಕ್ಕರೆಯೆಂದು ತೆಗೆದು ಪಾಯಸಕ್ಕೆ ಸುರಿಯುತ್ತಾರೆ. ಕಂಪೈಲರ್ ಎರಡಕ್ಕೂ ಸೈ ಎನ್ನುತ್ತದೆ. ಎಲ್ಲರಿಗೂ ಸೇರಿದ ಒಂದು ಡಬ್ಬಿ ಇಡೀ ಮನೆಯ ಚೀಟಿಗಳನ್ನೇ ಸುಳ್ಳು ಮಾಡಿಬಿಡುತ್ತದೆ. ಎಂಎಲ್ ಭಾಷೆಯವರಿಗೂ ಇದೇ ಕಾಟ ಎದುರಾಗಿತ್ತು. ಅವರು ಇಂಥ ಡಬ್ಬಿಗೆ ಸಾರ್ವತ್ರಿಕ ಟೈಪ್ ಸಿಗದಂತೆ ನಿಯಮ ಮಾಡಿದರು.

ವಾದ ಬಹಳ ಕಾಲ ನಡೆಯಿತು. ಒಂದು ಕಡೆಯವರು, ಜಗತ್ತಿನಲ್ಲಿ ಕೆಲವು ವಸ್ತುಗಳು ನಿಜವಾಗಿಯೂ ಒಂದೇ ಇರುತ್ತವೆ, ಯಂತ್ರಕ್ಕೊಂದೇ ಸಾಧನ, ಕ್ರಮಸಂಖ್ಯೆಗೊಂದೇ ಎಣಿಕೆ, ಅದನ್ನು ಭಾಷೆ ಒಪ್ಪಿಕೊಳ್ಳಲಿ ಎಂದರು. ಇನ್ನೊಂದು ಕಡೆಯವರು, ಬೇಕಾದ ಡಬ್ಬಿಯನ್ನು ಶುರುವಿನಲ್ಲೇ ಮಾಡಿ, ಬೇಕಾದವರ ಕೈಗೆ ಮಾತ್ರ ಕೊಡಿ ಎಂದರು. ಜಾನ್ ಹ್ಯೂಸ್ 2004ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದು ನಡುದಾರಿ ತೋರಿಸಿದರು. ಪ್ರತಿ ಸಲ ಕೈಯಿಂದ ಕೈಗೆ ದಾಟಿಸುವ ಗೋಜಿಲ್ಲದೆ ಡಬ್ಬಿ ತಾನಾಗಿ ದಾಟಲಿ, ಆದರೆ ಚೀಟಿಯಲ್ಲಿ ಮಾತ್ರ ಕಾಣುತ್ತಿರಲಿ. ಗ್ಲೋಬಲ್ ಡಬ್ಬಿ ಮಾತ್ರ ಹ್ಯಾಸ್ಕೆಲ್‌ನ ಅಧಿಕೃತ ವ್ಯಾಖ್ಯೆಯೊಳಗೆ ಬರಲಿಲ್ಲ. 2010ರ ಆವೃತ್ತಿಯಲ್ಲೂ ಅದಿಲ್ಲ.

ಡಬ್ಬಿಯನ್ನು ಹಲವರು ಹಂಚಿಕೊಳ್ಳಲೇಬೇಕಾದಾಗ ಏನು ಮಾಡಬೇಕು? ಅರವಿಂದ್ ಮತ್ತು ನಿಖಿಲ್ ಇಲ್ಲಿ ಬರುತ್ತಾರೆ. 1991ರಲ್ಲಿ ಪಾಲ್ ಬಾರ್ತ್ ಜೊತೆ ಅವರು ತಮ್ಮ 'ಐಡಿ' ಭಾಷೆಗೆ 'ಎಂ-ಸ್ಟ್ರಕ್ಚರ್' ಸೇರಿಸಿದರು. ಒಬ್ಬರು ತೆಗೆದರೆ ಡಬ್ಬಿ ಖಾಲಿ. ಅವರು ವಾಪಸ್ ಇಡುವವರೆಗೆ ಮುಂದಿನವರು ಕಾಯಬೇಕು. ಅದೇ ಏರ್ಪಾಡು 1996ರಲ್ಲಿ 'ಎಂವಾರ್' ಎಂಬ ಹೆಸರಿನಲ್ಲಿ ಹ್ಯಾಸ್ಕೆಲ್‌ಗೆ ಬಂತು. ಒಂದು ಆಟೋವನ್ನು ಒಂದೇ ಕ್ಷಣದಲ್ಲಿ ಇಬ್ಬರಿಗೆ ಒಪ್ಪಿಸಬಾರದು ಎನ್ನುವಾಗ ಎದುರಾಗುವುದೂ ಇದೇ ಪ್ರಶ್ನೆ.

ಹ್ಯಾಸ್ಕೆಲ್ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆಟೋ ಎಲ್ಲಿದೆ, ಸವಾರಿ ಮುಗಿಯಿತೇ ಎಂಬ ಲೆಕ್ಕ ಕೊನೆಗೆ ಡೇಟಾಬೇಸಿನಲ್ಲಿರುತ್ತದೆ. ಅದೂ ಒಂದು ದೊಡ್ಡ ಸಾಸಿವೆ ಡಬ್ಬಿಯೇ. ಇಷ್ಟು ವರ್ಷಗಳ ಜಗಳ ಡಬ್ಬಿಯನ್ನು ಇಲ್ಲವಾಗಿಸಲಿಲ್ಲ. ಅದಕ್ಕೆ ಬಾಗಿಲು ಎಲ್ಲಿದೆ, ಕೀಲಿ ಯಾರ ಕೈಯಲ್ಲಿದೆ ಎಂಬುದು ಕಾಣುವಂತೆ ಮಾಡಿತು, ಅಷ್ಟೆ. ಅಷ್ಟಿದ್ದರೂ ಸಾಕಿತ್ತು, 2008ರಲ್ಲಿ.

ಯಾಕೆಂದರೆ ಆ ವರದಿ ಹೋಗಿ ಮೂರು ವಾರಕ್ಕೆ ಬೇರೇನನ್ನೋ ಹುಡುಕುತ್ತ ನಿಜ ಕಾರಣ ಸಿಕ್ಕಿತು. ಕಂತಿನ ದರ ಇಟ್ಟಿದ್ದ ಗ್ಲೋಬಲ್ ವೇರಿಯೇಬಲ್ಲನ್ನು ಇನ್ನೊಂದು ಮಾಡ್ಯೂಲು ಸದ್ದಿಲ್ಲದೆ ಬದಲಾಯಿಸುತ್ತಿತ್ತು. ಎರಡು ವರ್ಷ ಹಿಂದೆ ಅದನ್ನು ಬರೆದವನು ನಾನು. ಸಾಲನ್ನು ಸರಿಪಡಿಸಿದೆ. ವರದಿಯನ್ನು ಸರಿಪಡಿಸಲಿಲ್ಲ. ಅಷ್ಟರಲ್ಲಿ ಹುಡುಗ ರಾಜೀನಾಮೆ ಕೊಟ್ಟಿದ್ದ. ತಂಬಾನೂರು ನಿಲ್ದಾಣದಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿಸಲು ಹೋಗಿದ್ದೆ. "ಬರುತ್ತೇನೆ ಸರ್" ಅಂದ. ಅಲ್ಲೂ ನಾನು ಬಾಯಿ ಬಿಡಲಿಲ್ಲ.

ಎರಡನೇ ವರದಿ ಬರೆಯುವುದು ಬಾಕಿಯಿತ್ತು. ಈಗ ಬರೆದಿದ್ದೇನೆ: ಆ ಸಾಲನ್ನು ಮುಟ್ಟಿದ್ದು ನಾನು.