ಲಸಿಕೆ ಮೊದಲು ಬಂದ ಊರು

1802ರ ಜೂನ್ 14ರಂದು ಮುಂಬಯಿಯಲ್ಲಿ ಆ್ಯನಾ ಡಸ್ಟಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಸಣ್ಣ ಗೀರು ಮಾಡಿ ಗೋಸಿಡುಬಿನ ರಸ ಸೇರಿಸಿದರು. ಭಾರತದಲ್ಲಿ ಸಿಡುಬಿನ ಲಸಿಕೆ ಫಲಿಸಿದ್ದು ಅದೇ ಮೊದಲು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ತನ್ನ ಮೊದಲ ಪ್ರಯೋಗ ನಡೆಸಿ ಆಗ ಆರೇ ವರ್ಷಗಳಾಗಿದ್ದವು. ದೂರದ ಪಯಣ, ಸುಡುವ ಬಿಸಿಲು. ದಾರಿಯಲ್ಲೇ ರಸ ಕೆಟ್ಟುಹೋಗುತ್ತಿತ್ತು. ವಿಯೆನ್ನಾದಿಂದ ಹೊರಟದ್ದು ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ ಹಾದು ಇಲ್ಲಿಗೆ ಮುಟ್ಟಿತು. ಕೊನೆಯ ಹಂತದಲ್ಲಿ ಅದನ್ನು ಜೀವಂತವಾಗಿಟ್ಟದ್ದು ಮನುಷ್ಯರ ಮೈಯೇ. ಒಬ್ಬರ ತೋಳಿನಲ್ಲಿ ಎದ್ದ ಬೊಕ್ಕೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ ಬಂದಿದ್ದರು.

ಆ್ಯನಾಳ ತೋಳಿನಿಂದ ನಗರದ ಐವರು ಮಕ್ಕಳಿಗೆ ಲಸಿಕೆ ಸಿಕ್ಕಿತು. ಮುಂದೆ ಅದೇ ಸರಪಳಿ ಪುಣೆ, ಸೂರತ್, ಹೈದರಾಬಾದ್, ಮದರಾಸುಗಳತ್ತ ಹರಡಿತು. ಮೈಸೂರಿನ ಅರಮನೆಯೂ ದೂರ ಉಳಿಯಲಿಲ್ಲ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ.

ಇಷ್ಟು ಬೇಗ ಬಂದ ಲಸಿಕೆ ಸಿಡುಬನ್ನು ದೇಶದಿಂದ ಓಡಿಸಿದ್ದು 1975ರಲ್ಲಿ. ನಡುವೆ 173 ವರ್ಷ! ವಿಜ್ಞಾನ ಮುಂಬಯಿಯ ಬಂದರಿಗೆ ಬೇಗ ಬಂದಿಳಿಯುತ್ತದೆ. ಬಂದರಿನಿಂದ ಚಾಳಿನ ಕೋಣೆ ಮುಟ್ಟಲು ತಲೆಮಾರುಗಳೇ ಬೇಕಾಗುತ್ತವೆ. ಈ ನಗರದ ಮಕ್ಕಳ ರೋಗಗಳ ಚರಿತ್ರೆ ಬಹುಮಟ್ಟಿಗೆ ಈ ಅಂತರದ ಚರಿತ್ರೆ.

ಕೋಣೆಯ ಮಾತು ಮೊದಲ ಬಾರಿ ಗಟ್ಟಿಯಾಗಿ ಕೇಳಿಬಂದದ್ದು ಪ್ಲೇಗಿನ ಕಾಲದಲ್ಲಿ. 1896ರ ಸೆಪ್ಟೆಂಬರಿನಲ್ಲಿ ನಗರದ ಮಾಂಡ್ವಿಯ ಓಣಿಗಳಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಆ ರೋಗವನ್ನು ಗುರುತಿಸಿದರು. ಆಗಲೂ ವಿಜ್ಞಾನ ತಡಮಾಡಲಿಲ್ಲ. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯ ಹೂಡಿದ ವಾಲ್ಡೆಮಾರ್ ಹಾಫ್‌ಕಿನ್ ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡರು. ಪರೇಲಿನಲ್ಲಿ ಇಂದಿಗೂ ಅವರ ಹೆಸರಿನ ಸಂಸ್ಥೆ ಇದೆ.

ಮನೆಗಳ ಕತೆ ಮಾತ್ರ ಬೇರೆ. ಗಾಳಿ ಬೆಳಕಿಲ್ಲದ ಮನೆಗಳೇ ರೋಗದ ತವರೆಂದು ಭಾವಿಸಿ ಸರ್ಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಕಟ್ಟಿತು. ಟ್ರಸ್ಟ್ ಇಕ್ಕಟ್ಟಿನ ಓಣಿಗಳನ್ನು ಕೆಡವಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ತೆರೆಯಿತು. ದಾದರ್, ಮಾಟುಂಗಾಗಳಲ್ಲಿ ಹೊಸ ಬಡಾವಣೆಗಳನ್ನು ಹಾಕಿತು. ಆದರೆ ಮನೆ ಕಳೆದುಕೊಂಡ ಬಡವರಿಗೆಲ್ಲ ಹೊಸ ಮನೆ ಸಿಗಲಿಲ್ಲ. ಅವರು ಪಕ್ಕದ ಓಣಿಗೆ ಸರಿದರು. ಅಲ್ಲಿನ ಇಕ್ಕಟ್ಟು ಇನ್ನಷ್ಟು ಹೆಚ್ಚಿತು.

ಟ್ರಸ್ಟಿನ ಅಧ್ಯಕ್ಷ ಜೆ. ಪಿ. ಓರ್ ಎಂಬ ಅಧಿಕಾರಿ ಒಂದು ಲೆಕ್ಕ ಮುಂದಿಟ್ಟರು: ಅರವತ್ತಮೂರೂವರೆ ಡಿಗ್ರಿಯ ನಿಯಮ. ನೆಲಮಟ್ಟದ ಕೋಣೆಗೂ ಆಕಾಶ ಕಾಣಬೇಕಾದರೆ ಎದುರು ಕಟ್ಟಡದ ಎತ್ತರದ ಅರ್ಧದಷ್ಟಾದರೂ ಜಾಗ ನಡುವೆ ಖಾಲಿ ಇರಬೇಕು ಎಂಬುದು ಅದರ ಸಾರ. ಕ್ಷಯಕ್ಕೆ ಔಷಧವಿಲ್ಲದ ಆ ದಿನಗಳಲ್ಲಿ ಬೆಳಕಿನ ಈ ಅಳತೆಯೂ ವೈದ್ಯದ ಮಾತೇ ಆಗಿತ್ತು.

ಬಟ್ಟೆ ಗಿರಣಿಗಳ ಮಾಲೀಕರಿಗೆ, ಚಾಳುಗಳ ಒಡೆಯರಿಗೆ ಅದು ದುಬಾರಿಯ ಮಾತು. ಗಿರಣಿ ಕಾರ್ಮಿಕರ ಬಹುಪಾಲು ಕುಟುಂಬಗಳು ಒಂದೇ ಕೋಣೆಯಲ್ಲಿ ಬದುಕುತ್ತಿದ್ದವು. ಒಲೆ ಅಲ್ಲೇ, ಹೊಗೆ ಅಲ್ಲೇ, ಹಾಸಿಗೆ ಅಲ್ಲೇ, ಕೆಮ್ಮುವ ಅಜ್ಜನೂ ಹಾಲು ಕುಡಿಯುವ ಕೂಸೂ ಅಲ್ಲೇ. 1921ರಲ್ಲಿ ನಗರದಲ್ಲಿ ನೋಂದಾಯಿತ ಸಾವಿರ ಜನನಗಳಿಗೆ 660ಕ್ಕೂ ಹೆಚ್ಚು ಶಿಶುಮರಣ ದಾಖಲಾಗಿತ್ತು. ಹೆರಿಗೆಗೆ ಊರಿಗೆ ಹೋಗಿ ಕೂಸಿನೊಂದಿಗೆ ಮರಳುತ್ತಿದ್ದ ತಾಯಂದಿರು ಬಹಳ. ಜನನ ಊರಲ್ಲಿ, ಸಾವು ಮುಂಬಯಿಯಲ್ಲಿ. ಹೀಗಾಗಿ ಈ ಸಂಖ್ಯೆ ಇದ್ದದ್ದಕ್ಕಿಂತ ಉಬ್ಬಿದೆ. ಎಷ್ಟು ಕಳೆದರೂ ಉಳಿಯುವುದು ಭಯಂಕರವೇ.

ಅದೇ ಹೊತ್ತಿಗೆ ಗಿರಣಿಯ ಹೆಂಗಸರ ಸ್ಥಿತಿಗತಿ ಅರಿಯಲು ಸರ್ಕಾರ ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತ್ತು. ಅವರು 1922ರಲ್ಲಿ ಬರೆದ ವರದಿ ಇನ್ನೊಂದು ಸಂಗತಿಯನ್ನು ಹೊರಗೆಡವಿತು. ಕಾರ್ಮಿಕ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ತಿನ್ನಿಸಲಾಗುತ್ತಿತ್ತು. ಬಾಳಗೋಳಿ ಎಂಬ ಹೆಸರಿನಲ್ಲಿ ಆ ಗುಳಿಗೆ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿತ್ತು. ಹತ್ತು ತಾಸು ಗಿರಣಿಯಲ್ಲಿ ದುಡಿಯಬೇಕಾದ ತಾಯಿಗೆ ಕೂಸು ಅಳದೆ ಮಲಗಿರಬೇಕಿತ್ತು. ಅಫೀಮು ಹಸಿವನ್ನು ಅಡಗಿಸುತ್ತದೆ, ಉಸಿರನ್ನು ಮಂದ ಮಾಡುತ್ತದೆ, ಕೆಮ್ಮನ್ನೂ ತಡೆಯುತ್ತದೆ. ಎದೆಯಲ್ಲಿ ಕಫ ಕಟ್ಟಿದ ಕೂಸಿಗೆ ಕೆಮ್ಮೇ ರಕ್ಷಣೆ, ಅದನ್ನೇ ಕಸಿದುಕೊಂಡಂತಾಗುತ್ತಿತ್ತು. ಬೈಯಲು ತಾಯಿ ಸುಲಭಕ್ಕೆ ಸಿಗುತ್ತಿದ್ದಳು. ಗಿರಣಿಯಲ್ಲೊಂದು ಶಿಶುಗೃಹ ಕಟ್ಟುವ ಖರ್ಚನ್ನು ಮಾತ್ರ ಹೆಚ್ಚಿನ ಮಾಲೀಕರು ಮುಂದೂಡುತ್ತಲೇ ಹೋದರು.

ಆದರೂ ಮಕ್ಕಳಿಗೆಂದೇ ಪ್ರತ್ಯೇಕ ವೈದ್ಯಶಾಸ್ತ್ರ ಹುಟ್ಟಿದ್ದು ಈ ಹೊಗೆಯ ನಡುವೆಯೇ. 1928ರಲ್ಲಿ ಡಾ. ಜಾರ್ಜ್ ಕೊಯೆಲ್ಹೊ ಜೆ. ಜೆ. ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ತೆರೆದರು. ಮರುವರ್ಷ ಪರೇಲಿನಲ್ಲಿ ಬಾಯಿ ಜೇರಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ ಆರಂಭವಾಯಿತು. ಅದನ್ನು ತಾಯಿಯ ನೆನಪಿಗೆ ಕಟ್ಟಿಸಿದ ವಾಡಿಯಾ ಮನೆತನದ ಸಂಪತ್ತು ಬಂದದ್ದು ಬಟ್ಟೆ ಗಿರಣಿಗಳಿಂದ. ಮಗ್ಗದ ದುಡ್ಡು ಮಗ್ಗದವರ ಮಕ್ಕಳಿಗೆ ಒಂದಿಷ್ಟಾದರೂ ಮರಳಿತು.

ಸ್ವಾತಂತ್ರ್ಯದ ನಂತರ ಗಮನ ಆಸ್ಪತ್ರೆಯಿಂದ ಮನೆಯತ್ತ ಹೊರಳಿದ್ದರ ಹಿಂದೆ ಕರ್ನಾಟಕದ ನಂಟೊಂದಿದೆ. ಹುಬ್ಬಳ್ಳಿಯಲ್ಲಿ ವೈದ್ಯ ಪದವಿ ಪಡೆದ ಡಾ. ಅರ್ಮಿಡಾ ಫರ್ನಾಂಡಿಸ್ ಸಾಯನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಿಭಾಗ ನೋಡಿಕೊಳ್ಳುತ್ತಿದ್ದರು. ಧಾರಾವಿಯ ಪಕ್ಕದಲ್ಲೇ ಇರುವ ಪಾಲಿಕೆಯ ಆಸ್ಪತ್ರೆ ಅದು. ಅಲ್ಲಿ ಕೂಸುಗಳು ಸೋಂಕಿನಿಂದಲೇ ಹೆಚ್ಚು ಸಾಯುತ್ತಿರುವುದನ್ನು ಕಂಡು ಅವರು ಬಾಟಲಿ ಹಾಲು ನಿಲ್ಲಿಸಿ ಎದೆಹಾಲಿಗೆ ಒತ್ತು ಕೊಟ್ಟರು. 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ಅಲ್ಲೇ ಆರಂಭಿಸಿದರು. ಆಸ್ಪತ್ರೆಗೆ ಬರುವ ಹೊತ್ತಿಗೆ ಎಷ್ಟೋ ಕೂಸುಗಳ ಕಾಲ ಮೀರಿರುತ್ತದೆ ಎಂಬ ಅನುಭವವೇ 1999ರಲ್ಲಿ ಅವರನ್ನು ‘ಸ್ನೇಹಾ’ ಸಂಸ್ಥೆ ಕಟ್ಟಲು, ಕೊಳೆಗೇರಿಯ ಬಾಗಿಲಿಗೆ ಹೋಗಲು ಪ್ರೇರೇಪಿಸಿತು.

ಇಂಥದೇ ವಿಳಂಬ ನ್ಯುಮೋನಿಯಾದ ಕತೆಯಲ್ಲೂ ಇದೆ. ಆ ರೋಗ ತರುವ ನ್ಯುಮೊಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆ ಬಡ ದೇಶದ ಮಕ್ಕಳ ಒಟ್ಟು ಸಾವನ್ನೇ ನೂರಕ್ಕೆ 16ರಷ್ಟು ಇಳಿಸಬಲ್ಲದೆಂದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ನಡೆದ ಪ್ರಯೋಗ ತೋರಿಸಿದ್ದು 2005ರಲ್ಲಿ. ಭಾರತದ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಅದು ಕಾಲಿಟ್ಟದ್ದು 2017ರಲ್ಲಿ, ಆಯ್ದ ಕೆಲವು ರಾಜ್ಯಗಳಲ್ಲಿ. ದೇಶಕ್ಕೆಲ್ಲ ಹಬ್ಬಿಸಲು 2021 ಬಂತು. ಅಲ್ಲಿಯವರೆಗೆ ಮುಂಬಯಿಯಲ್ಲಿ ಆ ಚುಚ್ಚುಮದ್ದು ಹಣ ಇದ್ದವರ ಮಕ್ಕಳಿಗೆ ಮಾತ್ರ.

2022ರ ಅಕ್ಟೋಬರ್ ಕೊನೆಗೆ ಮುಂಬಯಿಯ ಗೋವಂಡಿಯಲ್ಲಿ ಮಕ್ಕಳು ದಡಾರದಿಂದ ಸಾಯತೊಡಗಿದರು. ಕೋವಿಡ್ ಕಾಲದಲ್ಲಿ ತಪ್ಪಿಹೋದ ಲಸಿಕೆಗಳು, ಅಪೌಷ್ಟಿಕತೆ, ಇಕ್ಕಟ್ಟು ಎಲ್ಲವೂ ಒಟ್ಟಿಗೆ ಹೊಡೆದವು. ಆರ್ಥರ್ ರಸ್ತೆಯ ಕಸ್ತೂರ್ಬಾ ಆಸ್ಪತ್ರೆಯ ವಾರ್ಡುಗಳು ತುಂಬಿದವು. ಶಂಕಿತ ಸಾವುಗಳೂ ಸೇರಿ ಹತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ದಡಾರದ ಬೆನ್ನಿಗೆ ಬರುವ ನ್ಯುಮೋನಿಯಾವೇ ಬಹಳ ಸಲ ಜೀವ ತೆಗೆಯುವುದು.

ಗೋವಂಡಿ ಸೇರಿರುವ ಎಂ ಪೂರ್ವ ವಾರ್ಡಿನಲ್ಲೇ ನಟ್ವರ್ ಪಾರೇಖ್ ಕಾಂಪೌಂಡ್ ಮತ್ತು ಲಲ್ಲೂಭಾಯ್ ಕಾಂಪೌಂಡ್ ಎಂಬ ಪುನರ್ವಸತಿ ಕಾಲೊನಿಗಳಿವೆ. ಕೊಳೆಗೇರಿಯಿಂದ ಎಬ್ಬಿಸಿದವರಿಗೆಂದು ಕಟ್ಟಿದ ಏಳು ಮಹಡಿಯ ಕಟ್ಟಡಗಳ ನಡುವೆ ಬಿಟ್ಟಿರುವ ಜಾಗ ಮೂರು ಮೀಟರ್. ಕೆಳಗಿನ ಮಹಡಿಗಳಿಗೆ ಬಿಸಿಲು ಇಳಿಯುವುದೇ ಇಲ್ಲ. ‘ಡಾಕ್ಟರ್ಸ್ ಫಾರ್ ಯೂ’ ಸಂಸ್ಥೆಯ ಅಧ್ಯಯನ 2018ರಲ್ಲಿ ಆ ಕತ್ತಲೆಗೂ ಅಲ್ಲಿನ ಕ್ಷಯಕ್ಕೂ ಸಂಬಂಧ ಕಂಡುಹಿಡಿಯಿತು. ಟ್ರಸ್ಟಿನ ಓರ್ ಸಾಹೇಬರ ಲೆಕ್ಕ ಹಿಡಿದರೆ ಅಲ್ಲಿ ಹತ್ತು ಮೀಟರಾದರೂ ಇರಬೇಕಿತ್ತು. ನೂರು ವರ್ಷ ಹಳೆಯ ಅಳತೆಗೂ ನಿಲುಕದ ಮನೆಗಳನ್ನು ಸರ್ಕಾರವೇ ಮಂಜೂರು ಮಾಡಿದೆ.

ದಡಾರದ ಲಸಿಕೆಯನ್ನು ಕೂಸಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಮತ್ತೊಮ್ಮೆ ಪಾಲಿಕೆಯ ದವಾಖಾನೆಯಲ್ಲಿ ಬಿಟ್ಟಿಯಾಗಿ ಹಾಕುತ್ತಾರೆ. ಹೆತ್ತವರು ಅದನ್ನು ತಪ್ಪಿಸಬಾರದು. ಕಟ್ಟಡದ ನಕ್ಷೆಗೆ ಒಪ್ಪಿಗೆ ಮುದ್ರೆ ಒತ್ತುವ ಮುನ್ನ ಆರೋಗ್ಯ ಇಲಾಖೆಯ ಸಹಿಯೂ ಬೇಕೆಂಬ ನಿಯಮವನ್ನು ಪಾಲಿಕೆ ತರಬೇಕು.