ಬಹುಕರ್ತೃಕ ಕೃತಿಯ ಕಟ್ಟಳೆ: ಲಿನಕ್ಸ್ ಪರವಾನಗಿಯ ಎರಡು ಸಂದರ್ಭಗಳು

ಹಲವರು ಕೂಡಿ ಕಟ್ಟಿದ ಕೃತಿಯ ಕಟ್ಟಳೆಯನ್ನು ಬದಲಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಿಂದ ಈಚೆಗೆ ಇದೇ ಪ್ರಶ್ನೆ ಗಣಕ ತಂತ್ರಾಂಶದ ಕ್ಷೇತ್ರದಲ್ಲಿಯೂ ತಲೆದೋರಿದೆ. ಲಿನಕ್ಸ್ ಕರ್ನೆಲ್‌ನ ಪರವಾನಗಿ 1992ರಲ್ಲಿ ಒಮ್ಮೆ ಬದಲಾಯಿತು; 2006-07ರಲ್ಲಿ ಮತ್ತೆ ಬದಲಾಗಬೇಕೆಂಬ ಒತ್ತಾಯ ಬಂದಾಗ ಬದಲಾಗಲಿಲ್ಲ. ಈ ಎರಡು ಸಂದರ್ಭಗಳ ನಡುವಣ ಅಂತರವೇ ಪ್ರಸ್ತುತ ಲೇಖನದ ವಸ್ತು.

ಗಣಕದ ಯಂತ್ರಭಾಗಗಳನ್ನೂ ಅದರ ಮೇಲೆ ನಡೆಯುವ ಇತರ ತಂತ್ರಾಂಶಗಳನ್ನೂ ಬೆಸೆಯುವ ತಿರುಳು ಕರ್ನೆಲ್. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಇದನ್ನು ಬರೆದು ಹಂಚಿದಾಗ ಅವರ ವಯಸ್ಸು 21. ಅಂದಿನ ಪರವಾನಗಿ ಅವರೇ ಬರೆದದ್ದು. ಆಕರ ಸಂಕೇತವು, ಅಂದರೆ ತಂತ್ರಾಂಶವನ್ನು ಬರೆದ ಮೂಲರೂಪವು, ಎಲ್ಲರಿಗೂ ದೊರೆಯಬೇಕು; ಹಂಚಿಕೆಗಾಗಿ ಯಾರೂ ಹಣ ಪಡೆಯಕೂಡದು, ಪ್ರತಿ ಮಾಡಿದ ವೆಚ್ಚವನ್ನೂ ಕೇಳಕೂಡದು ಎಂಬುದು ಅದರ ಸಾರ. ನಿಯಮ ಉದಾರವಾಗಿ ಕಂಡರೂ ಬಳಕೆಯಲ್ಲಿ ತೊಡಕಾಯಿತು. ಅಂತರಜಾಲ ಎಲ್ಲರ ಕೈಗೆ ಎಟುಕದ ಆ ದಿನಗಳಲ್ಲಿ ಫ್ಲಾಪಿಗಳಿಗೆ ಪ್ರತಿ ಮಾಡಿ ಕೊಡುವವರು ಫ್ಲಾಪಿಯ ಬೆಲೆಯನ್ನಾದರೂ ಪಡೆಯುವುದು ಸಹಜವಾಗಿತ್ತು.

ರಿಚರ್ಡ್ ಸ್ಟಾಲ್‌ಮನ್ ಅವರು ರೂಪಿಸಿದ ಗ್ನೂ ಸಾರ್ವಜನಿಕ ಪರವಾನಗಿಯ ಎರಡನೆಯ ಆವೃತ್ತಿ 1991ರ ಜೂನ್‌ನಲ್ಲಿಯೇ ಹೊರಬಂದಿತ್ತು. ಹಣ ಪಡೆಯುವುದಕ್ಕೆ ಅಲ್ಲಿ ನಿಷೇಧವಿಲ್ಲ. ಹಂಚುವವನು ತಾನು ಪಡೆದ ಹಕ್ಕುಗಳನ್ನೇ, ಆಕರ ಸಂಕೇತದೊಡನೆ, ಮುಂದಿನವನಿಗೂ ಕೊಡಬೇಕೆಂಬುದಷ್ಟೇ ಬಂಧನ. 1992ರ ಜನವರಿಯಲ್ಲಿ ಬಂದ 0.12 ಆವೃತ್ತಿಯ ಟಿಪ್ಪಣಿಯಲ್ಲಿ ಟೊರ್ವಾಲ್ಡ್ಸ್ ಅವರು ಈ ಪರವಾನಗಿಗೆ ಬದಲಾಗುವ ಪ್ರಸ್ತಾಪವನ್ನಿಟ್ಟರು. ಸಂಕೇತ ಬರೆಯಲು ನೆರವಾದವರ ಒಪ್ಪಿಗೆಗೆ ಒಳಪಟ್ಟು ಇದು ಫೆಬ್ರವರಿ 1ರಿಂದ ಜಾರಿಗೆ ಬರುವುದೆಂದೂ ಆಕ್ಷೇಪವಿದ್ದವರು ತಮಗೆ ಪತ್ರ ಬರೆಯಬೇಕೆಂದೂ ತಿಳಿಸಿದರು. ಅಂದರೆ ಮೌನವನ್ನೇ ಸಮ್ಮತಿಯೆಂದು ಗ್ರಹಿಸಲಾಯಿತು. ನೆರವಾದವರು ಕೆಲವರೇ ಆಗಿದ್ದುದರಿಂದ ಈ ಕ್ರಮ ನಡೆಯಿತು. ಆದರೂ ಆ ಹಂತದಲ್ಲಿಯೇ ಇತರರ ಒಪ್ಪಿಗೆ ಬೇಕೆಂಬ ಅರಿವು ಮೂಡಿತ್ತೆಂಬುದು ಗಮನಾರ್ಹ.

ಮುಂದಿನ ಹದಿನೈದು ವರ್ಷಗಳಲ್ಲಿ ಕೆಲವರ ಕೃತಿ ಸಾವಿರಾರು ಜನರ ಕೃತಿಯಾಯಿತು. ಗ್ನೂ ಯೋಜನೆಯ ಅನೇಕ ತಂತ್ರಾಂಶಗಳಲ್ಲಿ ಬರೆದವರು ತಮ್ಮ ಹಕ್ಕುಸ್ವಾಮ್ಯವನ್ನು ಮುಕ್ತ ತಂತ್ರಾಂಶ ಪ್ರತಿಷ್ಠಾನಕ್ಕೆ ಬರೆದುಕೊಡುವ ಪದ್ಧತಿಯಿತ್ತು. ಲಿನಕ್ಸ್ ಆ ದಾರಿ ಹಿಡಿಯಲಿಲ್ಲ. ಬರೆದವನ ಪಾಲು ಬರೆದವನದೇ, ಅಥವಾ ಅವನ ಉದ್ಯೋಗದಾತರದೇ, ಆಗಿ ಉಳಿಯಿತು. 2004ರಿಂದ ಪ್ರತಿಯೊಂದು ತಿದ್ದುಪಡಿಯೊಡನೆಯೂ ಅದನ್ನು ಕೊಟ್ಟವರ ಹೆಸರು ರುಜುವಿನಂತೆ ಸೇರತೊಡಗಿತು. ಹಲವರ ಕೈವಾಡವಿರುವುದರಿಂದ ಇಂಥ ತಂತ್ರಾಂಶವನ್ನು ಜನಪದ ಕೃತಿಗೆ ಹೋಲಿಸುವುದುಂಟು. ಈ ಹೋಲಿಕೆ ಅರ್ಧ ಮಾತ್ರ ಸರಿ. ಬೀಸುವ ಪದಕ್ಕೆ ಅಂಕಿತವಿಲ್ಲ. ಹಾಡುವವಳು ಸಾಲನ್ನು ತಿದ್ದುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಲಿನಕ್ಸ್‌ನಲ್ಲಿ ಸಾಲನ್ನು ತಿದ್ದಲು ಅಪ್ಪಣೆ ಬೇಕಿಲ್ಲವಾದರೂ ತಿದ್ದಿದ ಪ್ರತಿಯೊಂದು ಸಾಲಿಗೂ ಅಂಕಿತವಿದೆ. ಕಟ್ಟಳೆಯನ್ನು ತಿದ್ದಲು ಮಾತ್ರ ಆ ಅಂಕಿತಗಳೆಲ್ಲವನ್ನೂ ಎದುರಿಸಬೇಕು.

ಎರಡನೆಯ ಸಂದರ್ಭ ಒದಗಿದ್ದು ಪರವಾನಗಿಯ ಮೂರನೆಯ ಆವೃತ್ತಿಯಿಂದ. ಟಿವೋ ಎಂಬ ದೂರದರ್ಶನ ಮುದ್ರಣಯಂತ್ರ ಲಿನಕ್ಸ್‌ನಿಂದ ನಡೆಯುತ್ತಿತ್ತು. ಅದರ ತಯಾರಕರು ಆಕರ ಸಂಕೇತವನ್ನು ಕೊಡುತ್ತಿದ್ದರು. ಆದರೆ ಕೊಂಡವನು ಅದನ್ನು ತಿದ್ದಿ ಮರಳಿ ತುಂಬಿದರೆ ಯಂತ್ರ ಒಪ್ಪುತ್ತಿರಲಿಲ್ಲ. ತಿದ್ದುವ ಹಕ್ಕು ಕಾಗದದ ಮೇಲಷ್ಟೇ ಉಳಿಯಿತೆಂಬುದು ಸ್ಟಾಲ್‌ಮನ್ ಅವರ ಆಕ್ಷೇಪ. 2006ರ ಜನವರಿಯಲ್ಲಿ ಹೊರಬಂದ ಕರಡು ಇಂಥ ಬೀಗವನ್ನು ತಡೆಯಲು ಹೊರಟಿತು. ಕರಡನ್ನು ಚರ್ಚಿಸಲು ನಡೆದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ನಾಲ್ಕನೆಯದು ಅದೇ ವರ್ಷ ಆಗಸ್ಟ್ 23 ಮತ್ತು 24ರಂದು ಬೆಂಗಳೂರಿನಲ್ಲಿ ನಡೆಯಿತು. ಸ್ಟಾಲ್‌ಮನ್ ಅವರೂ ಅಲ್ಲಿ ಮಾತನಾಡಿದರು.

ಟೊರ್ವಾಲ್ಡ್ಸ್ ಅವರು ಕರಡನ್ನು ಒಪ್ಪಲಿಲ್ಲ. ಸಂಕೇತಕ್ಕೆ ಪ್ರತಿಯಾಗಿ ಸಂಕೇತ ಮರಳಿ ಬಂದರೆ ಸಾಕು, ಯಂತ್ರವನ್ನು ಹೇಗೆ ಕಟ್ಟಬೇಕೆಂದು ಹೇಳುವುದು ತಂತ್ರಾಂಶದ ಪರವಾನಗಿಯ ಕೆಲಸವಲ್ಲ ಎಂಬುದು ಅವರ ನಿಲುವು. 2006ರ ಸೆಪ್ಟೆಂಬರ್‌ನಲ್ಲಿ ಪ್ರಮುಖ ಅಭಿವರ್ಧಕರ ಅಭಿಪ್ರಾಯ ಸಂಗ್ರಹಿಸಿದಾಗ ಒಲವು ಸ್ಪಷ್ಟವಾಗಿ ಎರಡನೆಯ ಆವೃತ್ತಿಯ ಕಡೆಗಿತ್ತು. ಅವರಲ್ಲಿ ಹತ್ತು ಜನ ಕರಡಿನ ಅಪಾಯಗಳನ್ನು ಕುರಿತು ಹೇಳಿಕೆಯನ್ನೂ ಹೊರಡಿಸಿದರು. ಅಂತಿಮ ರೂಪ 2007ರ ಜೂನ್ 29ರಂದು ಪ್ರಕಟವಾಯಿತು. ಕರ್ನೆಲ್ ಎರಡನೆಯ ಆವೃತ್ತಿಯಲ್ಲಿಯೇ ಉಳಿಯಿತು.

ಈ ವಾದವನ್ನು ಇಬ್ಬರು ವ್ಯಕ್ತಿಗಳ ತಾತ್ತ್ವಿಕ ಜಗಳವಾಗಿ ಚಿತ್ರಿಸುವುದು ವಾಡಿಕೆಯಾಗಿದೆ. ಆದರೆ ಟೊರ್ವಾಲ್ಡ್ಸ್ ಅವರು ಒಪ್ಪಿದ್ದರೂ ಬದಲಾವಣೆ ಸುಲಭವಿರಲಿಲ್ಲ ಎಂಬ ಅಂಶ ಇದರಿಂದ ಮರೆಯಾಗುತ್ತದೆ. ಗ್ನೂ ಪರವಾನಗಿಯನ್ನು ಬಳಸುವವರು 'ಅಥವಾ ಮುಂದಿನ ಯಾವುದೇ ಆವೃತ್ತಿ' ಎಂಬ ಮಾತನ್ನು ಸೇರಿಸಿಕೊಳ್ಳಬಹುದು. ಆ ಮಾತನ್ನು ಇರಿಸಿಕೊಂಡಿದ್ದ ಸಾಂಬಾ ಯೋಜನೆ 2007ರಲ್ಲಿಯೇ ಮೂರನೆಯ ಆವೃತ್ತಿಗೆ ಹೊರಳಿತು. ಕರ್ನೆಲ್‌ನ ಕೆಲವು ಕಡತಗಳಲ್ಲಿ ಆ ಮಾತಿದ್ದರೂ ಇಡಿಯ ಕೃತಿಗೆ ಅದು ಅನ್ವಯಿಸುವುದಿಲ್ಲವೆಂದು ಟೊರ್ವಾಲ್ಡ್ಸ್ ಅವರು 2000ದಲ್ಲಿಯೇ ಸ್ಪಷ್ಟಪಡಿಸಿದ್ದರು. ಹೀಗಿರುವಾಗ ಬದಲಾವಣೆಗೆ ಉಳಿದೆಲ್ಲ ಹಕ್ಕುದಾರರ ಒಪ್ಪಿಗೆ ಬೇಕು. ವಿಳಾಸ ತಿಳಿಯದವರನ್ನು ಹುಡುಕಬೇಕು; ತೀರಿಕೊಂಡವರ ಹಕ್ಕು ವಾರಸುದಾರರಿಗೆ ಸಂದಿರುತ್ತದೆ; ಒಪ್ಪದವರ ಸಂಕೇತವನ್ನು ತೆಗೆದು ಹೊಸದಾಗಿ ಬರೆಯಬೇಕು. 1992ರ ಮೌನ ಸಮ್ಮತಿಯ ಕ್ರಮ ಇಲ್ಲಿ ಸಲ್ಲುವಂತಿರಲಿಲ್ಲ. ಮುಂದೆ ಹಕ್ಕು ಯಾರ ಕೈಸೇರಿದರೂ ಸಂಕೇತ ಮುಚ್ಚಿಹೋಗದಂತೆ ಕಾಯ್ದದ್ದೂ ಈ ಹರಿದು ಹಂಚಿದ ಒಡೆತನವೇ. ತಾನು ಬಿಟ್ಟುಕೊಟ್ಟ ಕೆಲಸ ತಾನೊಪ್ಪಿದ ನಿಯಮದಲ್ಲಿಯೇ ಉಳಿಯುವುದೆಂಬ ಭರವಸೆ ಬರೆದವನಿಗೆ ದೊರೆತದ್ದು ಇದರಿಂದ. ಟಿವೋ ಕೊಂಡವನಿಗೆ ಪರಿಹಾರ ದೊರೆಯದೆ ಹೋದದ್ದೂ ಇದರಿಂದಲೇ.

ಮೂರನೆಯ ಆವೃತ್ತಿಯ ಒಂದು ಅಂಶ ಮಾತ್ರ ಬೇರೆ ದಾರಿಯಿಂದ ಕರ್ನೆಲ್ ಸಮುದಾಯವನ್ನು ತಲುಪಿತು. ಎರಡನೆಯ ಆವೃತ್ತಿಯ ಪ್ರಕಾರ ನಿಯಮ ಮುರಿದವನ ಹಕ್ಕು ಕೂಡಲೆ ರದ್ದಾಗುತ್ತದೆ. ಮೂರನೆಯದರಲ್ಲಿ ತಪ್ಪನ್ನು ತಿದ್ದಿಕೊಂಡವನಿಗೆ ಹಕ್ಕು ಮರಳುತ್ತದೆ. 2017ರ ಅಕ್ಟೋಬರ್‌ನಲ್ಲಿ ನೂರಕ್ಕೂ ಹೆಚ್ಚು ಅಭಿವರ್ಧಕರು ಈ ರಿಯಾಯಿತಿಯನ್ನು ಹೆಚ್ಚುವರಿ ಅನುಮತಿಯಾಗಿ ನೀಡುವ ಹೇಳಿಕೆಗೆ ಹೆಸರು ಸೇರಿಸಿದರು. ಪರವಾನಗಿಯ ಪಠ್ಯದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹೇಳಿಕೆ ಕಟ್ಟುವುದು ಹೆಸರು ಸೇರಿಸಿದವರನ್ನೂ ಅವರ ಪಾಲಿನ ವಾರಸುದಾರರನ್ನೂ ಮಾತ್ರ.